ಕೋಲ್ಕತ್ತದಲ್ಲಿರುವ ಮೈಸೂರಿನ ಸಮಾಧಿಗಳಿಗೆ ಕನ್ನಡದ ಫಲಕ ಬೇಕು

ಮಾನ್ಯ ಸಂಪಾದಕರೇ,

ಕೋಲ್ಕತ್ತ ನಗರದ ಮೂರು ಜಾಗಗಳಲ್ಲಿ ಕನ್ನಡದ ಫಲಕ ಹಾಕಿಸಬೇಕೆಂದು ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಮೂರೂ ಸಾವಿನ ಜಾಗಗಳೇ. ಒಂದು ಇಂಗ್ಲಿಷರ ಹಳೆಯ ಸ್ಮಶಾನ, ಇನ್ನೊಂದು ಟಿಪ್ಪು ಸುಲ್ತಾನನ ಮಕ್ಕಳು ಮೊಮ್ಮಕ್ಕಳ ಖಬರಸ್ತಾನ, ಮತ್ತೊಂದು ಮೈಸೂರಿನ ಮಹಾರಾಜರೊಬ್ಬರ ಅಂತ್ಯಸಂಸ್ಕಾರ ನಡೆದ ಭೂಮಿ. ವಾಚಕರ ಪತ್ರಕ್ಕೆ ನೀವು ಕೊಡುವ ಜಾಗ ಎಷ್ಟೆಂದು ಬಲ್ಲೆ. ಆದರೆ ನಾಲ್ಕೇ ಸಾಲಿನಲ್ಲಿ ಹೇಳಿದರೆ ‘ಕೋಲ್ಕತ್ತಕ್ಕೂ ನಮಗೂ ಏನು ಸಂಬಂಧ’ ಎಂದು ಓದುಗರು ಪುಟ ತಿರುಗಿಸುತ್ತಾರೆ. ಆ ಸಂಬಂಧವನ್ನು ಹೇಳುವಷ್ಟು ಜಾಗ ದಯವಿಟ್ಟು ಕೊಡಿ.

ನಾನು ಸರ್ವೆ ಇಲಾಖೆಯ ನಿವೃತ್ತ ನೌಕರ. ಹೊಲಗದ್ದೆಗಳಲ್ಲಿ 33 ಅಡಿಯ ಸರಪಳಿ ಎಳೆದು, ಬಾಂದುಕಲ್ಲು ಹುಡುಕಿ, ಬದುವಿನ ಮೇಲೆ ನಿಂತ ಅಣ್ಣತಮ್ಮಂದಿರ ಬೈಗುಳ ಕೇಳಿಸಿಕೊಂಡು ಸೇವೆ ಮುಗಿಸಿದವನು. ಹುಟ್ಟಿದ್ದು ಚಾಮರಾಜನಗರ ತಾಲ್ಲೂಕಿನಲ್ಲಿ, ಮಲೆಯೂರಿಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ಹತ್ತಿರ. ಇದನ್ನೆಲ್ಲ ಬಡಾಯಿಗೆ ಹೇಳುತ್ತಿಲ್ಲ. ಆ ಸರಪಳಿಗೂ ಆ ಮಲೆಯೂರಿಗೂ ಕೋಲ್ಕತ್ತದ ಒಂದು ಸಮಾಧಿಯ ಜೊತೆ ನಂಟಿದೆ.

ನನ್ನ ಮಗಳು ಬ್ಯಾಂಕಿನ ಕೆಲಸದ ಮೇಲೆ ಆ ಊರಿನಲ್ಲಿದ್ದಾಳೆ. ಈ ಚಳಿಗಾಲದಲ್ಲಿ ನಾನೂ ಮನೆಯವಳೂ ಅವಳಲ್ಲಿಗೆ ಹೋಗಿದ್ದೆವು. ಕಾಳಿಘಾಟ್, ದಕ್ಷಿಣೇಶ್ವರ, ಬೇಲೂರು ಮಠ, ವಿಕ್ಟೋರಿಯಾ ಸ್ಮಾರಕ ಇವೆಲ್ಲ ಮನೆಯವಳ ಪಟ್ಟಿ. ನನ್ನ ಪಟ್ಟಿಯ ತುಂಬ ಮಸಣಗಳೇ ಇದ್ದುದನ್ನು ಕಂಡು, “ಇದನ್ನು ನೋಡುವುದಕ್ಕೆ ಇಷ್ಟು ದೂರ ರೈಲಿನಲ್ಲಿ ಬರಬೇಕಿತ್ತೇ? ನಮ್ಮೂರಿನಲ್ಲಿ ಇರಲಿಲ್ಲವೇ?” ಎಂದಳು. ಹೋಗಲು ಅಪ್ಪಣೆಯೇನೋ ಸಿಕ್ಕಿತು, ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ. ಮಗಳು ರಜೆ ಹಾಕಿ ನನ್ನ ಜೊತೆ ಹೊರಟಳು.

ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನ ಇರುವುದು ಪಾರ್ಕ್ ಸ್ಟ್ರೀಟಿನ ಪೂರ್ವದ ಕೊನೆಯಲ್ಲಿ, ಮಲ್ಲಿಕ್ ಬಜಾರಿನ ಕೂಡುರಸ್ತೆಯ ಹತ್ತಿರ. 1767ರಲ್ಲಿ ಶುರುವಾಗಿ ಸುಮಾರು 1830ರವರೆಗೆ ಬಳಕೆಯಲ್ಲಿತ್ತು. ಆಗ ಈ ಜಾಗ ಊರಾಚೆ. ಹೆಣದ ಮೆರವಣಿಗೆ ಬರುವ ದಾರಿಯಾದ್ದರಿಂದ ಇಡೀ ರಸ್ತೆಗೆ ಸ್ಮಶಾನದ ರಸ್ತೆ ಎಂದೇ ಹೆಸರು. ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆಯ ಜಿಂಕೆವನ ಆ ದಾರಿಯಲ್ಲಿದ್ದುದರಿಂದ ಆಮೇಲೆ ಪಾರ್ಕ್ ಸ್ಟ್ರೀಟ್ ಎಂದಾಯಿತು. 2004ರಿಂದ ಮದರ್ ತೆರೇಸಾ ಹೆಸರಿನಲ್ಲಿದೆ, ಆದರೆ ಟ್ಯಾಕ್ಸಿಯವರಿಗೆ ಪಾರ್ಕ್ ಸ್ಟ್ರೀಟ್ ಎಂದರೇ ತಿಳಿಯುವುದು. ಟಿಕೆಟ್ ಕೊಂಡು ಗೋಡೆಯೊಳಗೆ ಹೋದರೆ ಹೊರಗಿನ ಹಾರ್ನ್ ಸದ್ದು ನಿಲ್ಲುವುದಿಲ್ಲ, ತಗ್ಗುತ್ತದೆ. ಸೊಳ್ಳೆಗಳು ಮಾತ್ರ ಹಗಲಿನಲ್ಲೂ ಕೆಲಸದ ಮೇಲಿರುತ್ತವೆ. ಹೋಗುವವರು ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಗೋರಿ ಎಂದರೆ ಮಂಡಿಯೆತ್ತರದ ಕಟ್ಟೆ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಮನೆಯೆತ್ತರದ ಪಿರಮಿಡ್ಡುಗಳಿವೆ, ಚೂಪುಗಂಬಗಳಿವೆ, ಕಂಬಸಾಲಿನ ಮಂಟಪಗಳಿವೆ, ಗುಮ್ಮಟಗಳಿವೆ. ಎಲ್ಲವೂ ಇಟ್ಟಿಗೆ ಕಟ್ಟಿ ಗಾರೆ ಬಳಿದದ್ದು. ಗಾರೆ ಉದುರಿ, ಪಾಚಿ ಹಿಡಿದು, ಮರದ ಬೇರು ಹೊಕ್ಕು ಇಟ್ಟಿಗೆಯ ಕೆಂಪು ಅಲ್ಲಲ್ಲಿ ಕಾಣುತ್ತದೆ. ನಡುವೆ ಓಣಿಗಳು ಅಡ್ಡಡ್ಡ ಉದ್ದುದ್ದ ಹಾದುಹೋಗುತ್ತವೆ. ನನ್ನ ವೃತ್ತಿಯ ಚಾಳಿಯಿಂದ ಹೇಳುವುದಾದರೆ, ಯಾರೋ ಮೊದಲೇ ನಕ್ಷೆ ಹಾಕಿ ತುಂಡು ತುಂಡಾಗಿ ಹಂಚಿದ ನೆಲ ಇದು. ಒಂದು ಗುಂಟೆ ಖಾಲಿ ಬಿಟ್ಟಿಲ್ಲ.

ಮಗಳು ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದುತ್ತಾ ಬಂದಳು. ಇಪ್ಪತ್ತು, ಇಪ್ಪತ್ತೆರಡು, ಹತ್ತೊಂಬತ್ತು, ಹೆರಿಗೆಯಲ್ಲಿ ಹೋದವರು, ತಾಯಿಯ ಜೊತೆಗೇ ಹೋದ ಹಸುಗೂಸುಗಳು. ಸುರುಳಿ ಸುತ್ತಿದ ಕಂಬದ ಕೆಳಗಿರುವ ರೋಸ್ ಐಲ್ಮರ್ ಎಂಬ ಹುಡುಗಿ 1800ರಲ್ಲಿ ಸತ್ತಾಗ ಅವಳಿಗೆ ಇಪ್ಪತ್ತು. ಅನಾನಸ್ ಹೆಚ್ಚು ತಿಂದು ಸತ್ತಳು ಎಂಬ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಕಾಲರಾ ಇದ್ದ ಊರಿನಲ್ಲಿ ಅನಾನಸ್ಸಿನ ಮೇಲೆ ತಪ್ಪು ಹೊರಿಸುವುದು ಸುಲಭ. ಹಿಂದೂ ಕಾಲೇಜಿನ ಮೇಷ್ಟ್ರು, ಕವಿ ಹೆನ್ರಿ ಡಿರೋಜಿಯೋ ಕೂಡ ಕಾಲರಾಕ್ಕೇ ಬಲಿಯಾದದ್ದು, 1831ರ ಡಿಸೆಂಬರಿನಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ. ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿದ ತಪ್ಪಿಗೆ ಅದೇ ವರ್ಷ ಕೆಲಸ ಕಳೆದುಕೊಂಡಿದ್ದ. ಇನ್ನೊಂದು ಕಡೆ ಪುಟ್ಟ ದೇವಸ್ಥಾನದ ಆಕಾರದ ಸಮಾಧಿ. ಅದು ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟ್‌ನದು. ದಿನವೂ ಗಂಗಾಸ್ನಾನ ಮಾಡಿ ದೇವರ ವಿಗ್ರಹಗಳನ್ನು ಪೂಜಿಸುತ್ತಿದ್ದ ಈ ಐರಿಷ್ ಸೇನಾಧಿಕಾರಿಯನ್ನು ಅವನ ಕಾಲದವರು ‘ಹಿಂದೂ ಸ್ಟುವರ್ಟ್’ ಎನ್ನುತ್ತಿದ್ದರು. 1828ರಲ್ಲಿ ಸತ್ತಾಗ ಅವನ ವಿಗ್ರಹಗಳನ್ನೂ ಜೊತೆಗೇ ಹೂಳಿದರಂತೆ.

ಎಲ್ಲರೂ ಫೋಟೊ ತೆಗೆಸಿಕೊಳ್ಳುವುದು ಎಲ್ಲಕ್ಕಿಂತ ಎತ್ತರದ ಚೂಪುಗಂಬದ ಮುಂದೆ. ಅದು ಸರ್ ವಿಲಿಯಂ ಜೋನ್ಸ್‌ನ ಸಮಾಧಿ. 1784ರಲ್ಲಿ ಏಷ್ಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದವನು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬೇರಿನಿಂದ ಬಂದಿರಬೇಕು ಎಂದು 1786ರಲ್ಲಿ ಸಾರಿದವನು. ದೊಡ್ಡವನೇ, ಅನುಮಾನವಿಲ್ಲ. ನಾನು ಹುಡುಕಿಕೊಂಡು ಹೋಗಿದ್ದು ಅವನನ್ನಲ್ಲ, ಕರ್ನಲ್ ಕಾಲಿನ್ ಮೆಕೆಂಜಿಯನ್ನು.

ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಎಂಜಿನಿಯರ್ ಆಗಿದ್ದ. ಟಿಪ್ಪು ಬಿದ್ದ ಮೇಲೆ ರಾಜ್ಯವನ್ನು ಕಂಪನಿ, ನಿಜಾಮ ಮತ್ತು ಒಡೆಯರ ನಡುವೆ ಹಂಚಿದರಲ್ಲ, ಹಂಚಿದ್ದರ ಗಡಿ ಎಲ್ಲಿ ಎಂದು ಗೊತ್ತುಮಾಡಬೇಕಾಗಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇಡೀ ಮೈಸೂರಿಗೆ ಹದ್ದುಬಸ್ತು. ಆ ಕೆಲಸ ಇವನ ಪಾಲಿಗೆ ಬಂತು. ಈಗಿನ ಸರ್ವೆ ನಂಬರುಗಳೆಲ್ಲ 1863ರ ಬಳಿಕ ಬಂದ ಕಂದಾಯ ಮೋಜಣಿಯವು. ಆದರೆ ಅದಕ್ಕೆ ಅರವತ್ತು ವರ್ಷ ಮೊದಲೇ ನಮ್ಮ ಬೆಟ್ಟ, ಹೊಳೆ, ಕೆರೆ, ಕೋಟೆ, ಹಳ್ಳಿಗಳನ್ನು ನಕ್ಷೆಗೆ ಇಳಿಸಿದವನು ಮೆಕೆಂಜಿ. ಇಲಾಖೆಯಲ್ಲಿದ್ದಾಗ ಇವನ ಹೆಸರನ್ನು ಹಳಬರು ಹೇಳುತ್ತಿದ್ದರು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರ ಮೇ 8ರಂದು ಸತ್ತ.

ಅಳತೆಯಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮೆಕೆಂಜಿಯ ಜನ ಹೋದ ಹೋದ ಊರಿನಲ್ಲಿ ಶಾಸನ ನಕಲು ಮಾಡಿಕೊಂಡರು, ತಾಳೆಗರಿ ಕಟ್ಟು ಕೊಂಡರು, ಊರ ಹಿರಿಯರನ್ನು ಕೂರಿಸಿ ಊರಿನ ಕಥೆ ಬರೆಸಿಕೊಂಡರು. ಅವೇ ಕೈಫಿಯತ್ತುಗಳು. ಅವನು ಸತ್ತ ಮೇಲೆ ಪಟ್ಟಿ ಮಾಡಿದಾಗ ದಕ್ಷಿಣ ಭಾರತದ ಶಾಸನಗಳೇ 8,076 ಇದ್ದವು. ಬಿ. ಎಲ್. ರೈಸ್ ಅವರ ಶಾಸನ ಸಂಪುಟಗಳು ಬರಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಬಾಕಿಯಿತ್ತು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿದೆ. ನಮ್ಮ ಹಳ್ಳಿಗಳ ಚರಿತ್ರೆ ಬರೆಯುವವರೆಲ್ಲ ಇವತ್ತಿಗೂ ಆ ಕಣಜಕ್ಕೆ ಕೈ ಹಾಕುತ್ತಾರೆ.

ಅದನ್ನು ತುಂಬಿದವನು ಮೆಕೆಂಜಿಯಲ್ಲ. ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಏಲೂರಿನ ತೆಲುಗು ಬ್ರಾಹ್ಮಣ ಕಾವಲಿ ವೆಂಕಟ ಬೊರ್ರಯ್ಯ, 1803ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಲಕ್ಷ್ಮಯ್ಯ, ಅವರ ಜೊತೆಗೆ ನಮ್ಮ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು, ಕೆಲಸ ಮಾಡಿದವರು ಇವರು. ಹಳಗನ್ನಡದ ಶಾಸನವನ್ನು ಕಲ್ಲಿನ ಮುಂದೆ ಕೂತು ಓದಿ ಹೇಳಬಲ್ಲವರಾಗಿದ್ದರು ಧರ್ಮಯ್ಯನವರು. ಮಲೆಯೂರಿನ ಬೆಟ್ಟವಾದ ಕನಕಗಿರಿಯ ತಪ್ಪಲಿನ ದೇವಚಂದ್ರ ಕವಿಗೂ ಮೆಕೆಂಜಿಯ ಪರಿಚಯವಿತ್ತು. ಥಾಮಸ್ ಹಿಕಿ ಎಂಬ ಚಿತ್ರಕಾರ 1816ರಲ್ಲಿ ಬರೆದ ಮೆಕೆಂಜಿಯ ವರ್ಣಚಿತ್ರವೊಂದು ಲಂಡನ್ನಿನಲ್ಲಿದೆ. ಅದರ ಪಡಿಯಚ್ಚನ್ನು ನೀವೂ ನೋಡಿರಬಹುದು. ಕೆಂಪು ಕೋಟಿನ ದೊರೆ ನಡುವೆ ನಿಂತಿದ್ದಾನೆ. ಪಕ್ಕದಲ್ಲಿ ತಾಳೆಗರಿ ಹಿಡಿದವರು ಧರ್ಮಯ್ಯನವರು, ಇನ್ನೊಬ್ಬರು ಲಕ್ಷ್ಮಯ್ಯ, ದುರ್ಬೀನು ಹಿಡಿದ ಜವಾನ ಕಿಷ್ಟನಾಜಿ. ಹಿಂದೆ ದೂರದ ಬೆಟ್ಟದ ಮೇಲೆ ಚಿಕ್ಕದಾಗಿ ಕಾಣುವುದು ಕಾರ್ಕಳದ ಗೊಮ್ಮಟ. ಸರ್ವೆಯ ಕೆಲಸದಲ್ಲಿ ಸರಪಳಿಯ ಆ ತುದಿ ಹಿಡಿದವನ ಹೆಸರು ಪುಸ್ತಕದಲ್ಲಿ ಇರುವುದಿಲ್ಲ, ಈ ಚಿತ್ರದಲ್ಲಾದರೂ ಇದೆಯಲ್ಲ ಎಂದು ನನಗೆ ಪ್ರತಿ ಸಲ ಸಮಾಧಾನವಾಗುತ್ತದೆ.

ಮೆಕೆಂಜಿಯ ಸಮಾಧಿ ಜೋನ್ಸ್‌ನದರಂತೆ ದೂರದಿಂದ ಕರೆಯುವುದಲ್ಲ. ಕೇಳಿ, ಹುಡುಕಿ, ಓಣಿ ತಪ್ಪಿ, ಮತ್ತೆ ಕೇಳಿ ಸೇರಿದೆವು. ನಾನು ಅಲ್ಲಿ ಚಪ್ಪಲಿ ಬಿಟ್ಟೆ. “ಅಪ್ಪ, ಇದು ದೇವಸ್ಥಾನವಲ್ಲ, ಹುಳ ಕಚ್ಚುತ್ತದೆ” ಎಂದಳು ಮಗಳು. ಇರಲಿ, ನಮ್ಮ ಕಸುಬಿನ ಹಿರಿಯ. ಸುತ್ತಮುತ್ತ ಫೋಟೊ ತೆಗೆಯುತ್ತಿದ್ದ ಕಾಲೇಜು ಹುಡುಗರಿಗೆ ಇಲ್ಲಿರುವವನು ಯಾರು ಎಂದು ಹೇಳಿದೆ. ಇಂಗ್ಲಿಷಿನಲ್ಲಿ ನಾನು ಹೇಳಿದ್ದನ್ನು ಮಗಳು ಮತ್ತೆ ನೇರ್ಪಡಿಸಿ ಹೇಳಿದಳು. ಅವರ ಪೈಕಿ ಒಬ್ಬ ಧರ್ಮಯ್ಯ ಎಂಬ ಹೆಸರನ್ನು ಫೋನಿನಲ್ಲಿ ಬರೆದುಕೊಂಡ.

ಅಲ್ಲಿಂದ ಪಾರ್ಕ್ ಸ್ಟ್ರೀಟ್ ಹಿಡಿದು ಪಶ್ಚಿಮಕ್ಕೆ ನಡೆದೆವು. ಬೀದಿಬದಿಯಲ್ಲಿ ಪೂರಿ, ಆಲೂಗಡ್ಡೆಯ ಗೊಜ್ಜು, ಮಣ್ಣಿನ ಲೋಟದಲ್ಲಿ ಚಹಾ. ರಸ್ತೆ ಚೌರಂಗಿಗೆ ಸೇರುವ ಮೂಲೆಯಲ್ಲಿ ಏಷ್ಯಾಟಿಕ್ ಸೊಸೈಟಿ ಇದೆ. ಅದರ ಮುಂದೆ ನಿಂತು ಮಗಳಿಗೆ ಇನ್ನೊಂದು ಕಥೆ ಹೇಳಿದೆ. ಮೆಕೆಂಜಿ ಸತ್ತ ಮೇಲೆ ಲಕ್ಷ್ಮಯ್ಯ ತಾವೇ ಆ ಸಂಗ್ರಹದ ಕೆಲಸ ಮುಂದುವರಿಸುತ್ತೇವೆ, ಅನುಮತಿ ಕೊಡಿ ಎಂದು ಕೇಳಿದರು. 1830ರ ದಶಕದಲ್ಲಿ ಅವರ ಕೋರಿಕೆ ಸೊಸೈಟಿಯ ಮುಂದೆ ಬಂತು. ಈ ಕೆಲಸಕ್ಕೆ ಬೇಕಾದ ವಿಮರ್ಶಕ ಬುದ್ಧಿ ದೇಶೀಯನಿಗೆ ಇರಲಾರದು ಎಂಬ ಅಭಿಪ್ರಾಯದಿಂದ ತಳ್ಳಿಹಾಕಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಕೆಲಸವನ್ನೇ ಮಾಡಿಕೊಂಡು ಬಂದಿದ್ದ ಮನುಷ್ಯನಿಗೆ ಕೊಟ್ಟ ಉತ್ತರ ಇದು. “ಬಡ್ತಿಯ ಪಟ್ಟಿ ಆಗಲೂ ಹೀಗೆಯೇ ಇತ್ತೇ ಅಪ್ಪ?” ಎಂದಳು. ಬ್ಯಾಂಕಿನವಳಲ್ಲವೇ, ಬೇಗ ಅರ್ಥವಾಗುತ್ತದೆ.

ಚೌರಂಗಿಯಲ್ಲಿ ಬಡಗಣಕ್ಕೆ ನಡೆದರೆ ಧರ್ಮತಲಾ ರಸ್ತೆ ಕೂಡುವ ಮೂಲೆಯಲ್ಲಿ ಟಿಪ್ಪು ಸುಲ್ತಾನ್ ಮಸೀದಿ. ಹೆಸರು ಟಿಪ್ಪುವಿನದಾದರೂ ಕಟ್ಟಿಸಿದವನು ಅವನ ಕಿರಿಯ ಮಗ ಗುಲಾಂ ಮಹಮ್ಮದ್, 1842ರಲ್ಲಿ. ಇವರು ಕೋಲ್ಕತ್ತಕ್ಕೆ ಹೇಗೆ ಬಂದರು ಎಂಬುದು ನಮ್ಮ ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುವ ಕಥೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಸಂಸಾರವನ್ನು ವೆಲ್ಲೂರಿನ ಕೋಟೆಯಲ್ಲಿ ಇಟ್ಟರು. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆಯೆದ್ದರು. ಇನ್ನು ಇವರನ್ನು ದಕ್ಷಿಣದಲ್ಲಿ ಇಡುವುದೇ ಬೇಡವೆಂದು ಕಂಪನಿ ಅವರನ್ನು ಕಲ್ಕತ್ತೆಗೆ ಸಾಗಿಸಿತು. ಊರಿನ ತೆಂಕಣ ಅಂಚಿನ ಟಾಲಿಗಂಜ್ ಅವರ ನೆಲೆಯಾಯಿತು. ಇವತ್ತಿಗೂ ಆ ಕಡೆಯ ಬಸ್ ಕಂಡಕ್ಟರುಗಳು ‘ಅನ್ವರ್ ಶಾ, ಅನ್ವರ್ ಶಾ’ ಎಂದು ಕೂಗುತ್ತಾರೆ. ಅದು ಟಿಪ್ಪುವಿನ ವಂಶದ ರಾಜಕುಮಾರನೊಬ್ಬನ ಹೆಸರಿನ ರಸ್ತೆ.

ಮಸೀದಿಯ ಇಂಗ್ಲಿಷ್ ಕಲ್ಬರಹ ಪ್ರಸಿದ್ಧವಾದದ್ದು. ಅದರ ಸಾರಾಂಶ ಇಷ್ಟು: ದೇವರಿಗೆ ಕೃತಜ್ಞತೆಯಾಗಿಯೂ, ತನ್ನ ವರ್ಷಾಶನದ ಬಾಕಿಯನ್ನು ಕಂಪನಿಯ ನಿರ್ದೇಶಕರ ಮಂಡಳಿ 1840ರಲ್ಲಿ ಮಂಜೂರು ಮಾಡಿದ್ದರ ನೆನಪಿಗಾಗಿಯೂ ಕಟ್ಟಿಸಿದ್ದು. ಪಿಂಚಣಿದಾರರಾದ ನಮ್ಮಂಥವರಿಗೆ ಈ ಸಾಲು ಎದೆಗೆ ತಾಗುತ್ತದೆ. ತುಟ್ಟಿಭತ್ಯೆಯ ಬಾಕಿ ಬಂದಾಗ ನಾವು ಚಾಮುಂಡಿ ಬೆಟ್ಟಕ್ಕೆ ಹೋಗಿ ಒಂದು ಕಾಯಿ ಒಡೆಸುತ್ತೇವೆ, ಗುಲಾಂ ಮಹಮ್ಮದ್ ಮಸೀದಿಯನ್ನೇ ಕಟ್ಟಿಸಿದ. ನಗು ಬಂತು, ಬಂದಷ್ಟೇ ಬೇಗ ಹೋಯಿತು. ಅಪ್ಪನನ್ನು ಕೊಂದು ರಾಜ್ಯ ಕಿತ್ತುಕೊಂಡವರು ಕೊಟ್ಟ ಬಾಕಿ ಅದು, ಅದಕ್ಕೆ ಉಪಕಾರಸ್ಮರಣೆಯನ್ನು ಕಲ್ಲಿನಲ್ಲಿ ಕೆತ್ತಿಸಬೇಕು. ಕೆತ್ತಿಸಿದವನ ಮನಸ್ಸಿನಲ್ಲಿ ಏನಿತ್ತೋ.

ಮಧ್ಯಾಹ್ನ ಸೇಂಟ್ ಜಾನ್ಸ್ ಚರ್ಚಿಗೂ ಹೋದೆವು. ಫಲಕದ ವಿಷಯಕ್ಕೆ ಅದು ಸೇರುವುದಿಲ್ಲ, ಆದರೂ ಒಂದು ಮಾತು. ಅಲ್ಲಿ ಇಂಗ್ಲಿಷ್ ವ್ಯಾಪಾರಿ ಜಾಬ್ ಚಾರ್ನಕ್‌ನ ಸಮಾಧಿ ಇದೆ. ಅವನ ಗೋರಿಯ ಕಲ್ಲನ್ನು ಮದ್ರಾಸಿನ ಕಡೆಯಿಂದ ತರಿಸಿದ್ದು. ಭೂವಿಜ್ಞಾನಿ ಥಾಮಸ್ ಹಾಲೆಂಡ್ ಆ ಜಾತಿಯ ಶಿಲೆಗೆ 1893ರಲ್ಲಿ ಚಾರ್ನಕೈಟ್ ಎಂದು ಹೆಸರಿಟ್ಟ. ನಮ್ಮ ಬಿಳಿಗಿರಿರಂಗನ ಬೆಟ್ಟದ ಬಂಡೆಗಳು ಅದೇ ಜಾತಿಯವು. ಚಿಕ್ಕಂದಿನಿಂದ ಹತ್ತಿಳಿದ ಬೆಟ್ಟದ ಕಲ್ಲಿನ ಹೆಸರು ಒಬ್ಬ ಇಂಗ್ಲಿಷ್ ವ್ಯಾಪಾರಿಯ ಗೋರಿಯಿಂದ ಬಂದದ್ದು ಎಂದರೆ ನಮ್ಮೂರಿನವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಎಸ್ಪ್ಲನೇಡ್‌ನಿಂದ ಮೆಟ್ರೊ ಹಿಡಿದು ಕಾಳಿಘಾಟ್ ನಿಲ್ದಾಣದಲ್ಲಿ ಇಳಿದೆವು. 1984ರಲ್ಲಿ ದೇಶದಲ್ಲೇ ಮೊದಲು ಓಡಿದ ಮೆಟ್ರೊ ಇದು. ಕಾಲು ಅಷ್ಟು ಹೊತ್ತಿಗೆ ಮಾತು ಕೇಳುತ್ತಿರಲಿಲ್ಲ. ನಿಲ್ದಾಣದಿಂದ ಹೊರಬಂದು ಪಶ್ಚಿಮಕ್ಕೆ ನಡೆದರೆ ಆದಿಗಂಗಾ. ಹಿಂದೆ ಗಂಗೆಯ ಮೂಲ ಪಾತ್ರ, ಈಗ ಕಪ್ಪು ನೀರಿನ ಕಾಲುವೆ. ನಮ್ಮ ಪತ್ರದ ನಿಜವಾದ ವಿಷಯ ಇರುವುದು ಈ ಬಡಾವಣೆಯಲ್ಲಿ.

ಇಲ್ಲಿಯ ಸತೀಶ್ ಮುಖರ್ಜಿ ರಸ್ತೆಯಲ್ಲಿ ಟಿಪ್ಪುವಿನ ಕುಟುಂಬದ ಖಬರಸ್ತಾನವಿದೆ. ಎರಡೂ ಕಡೆ ಮನೆಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ, ಸಂಜೆಯ ಟ್ಯೂಷನ್ನಿಗೆ ಹೊರಟ ಮಕ್ಕಳು. ಈ ಸಂಸಾರದ ಬೀದಿಯಲ್ಲಿ ಶ್ರೀರಂಗಪಟ್ಟಣದ ಸುಲ್ತಾನನ ಸಂತತಿ ಮಲಗಿದೆ ಎಂದು ಯಾರೂ ಊಹಿಸುವುದಿಲ್ಲ. ಅಲ್ಲಿ ಸಿಕ್ಕ ಹಿರಿಯರೊಬ್ಬರು ನಾವು ಮೈಸೂರಿನವರು ಎಂದೊಡನೆ ಒಳಗೆ ಕರೆದುಕೊಂಡು ಹೋಗಿ, ಬಂಗಾಳಿ ಬೆರೆತ ಹಿಂದಿಯಲ್ಲಿ ತೋರಿಸಿದರು. ನಮ್ಮ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರಾಲಿ, ಅವನ ಹೆಂಡತಿ, ಮಗ ಟಿಪ್ಪು ಮೂವರೂ ಹುಲಿಪಟ್ಟೆಯ ಗೋಡೆಗಳ ನಡುವೆ, ಕಪ್ಪು ಕಲ್ಲಿನ ಕಂಬಗಳ ಒಳಗೆ ಇದ್ದಾರೆ. ನಮ್ಮ ಶಾಲೆಯ ಪ್ರವಾಸಗಳೆಲ್ಲ ಅಲ್ಲಿಗೆ ಹೋಗುತ್ತವೆ. ಮಕ್ಕಳು ಮೊಮ್ಮಕ್ಕಳು ಎಲ್ಲಿ ಎಂದು ಯಾವ ಮೇಷ್ಟ್ರೂ ಹೇಳುವುದಿಲ್ಲ.

ಅಲ್ಲಿಂದ ಸ್ವಲ್ಪವೇ ದೂರ, ಕೇವಡಾತಲಾ ಸ್ಮಶಾನಘಾಟ್. ದೇಶಬಂಧು ಚಿತ್ತರಂಜನ ದಾಸರ ಸ್ಮಾರಕ ಇರುವ ಘಾಟ್. ಅದರ ಹತ್ತಿರ, ಬಂಗಾಳದ ಕಟ್ಟಡಗಳ ನಡುವೆ ಇದ್ದಕ್ಕಿದ್ದಂತೆ ನಮ್ಮ ಕಡೆಯ ಗೋಪುರ ಕಾಣುತ್ತದೆ. ಅದೇ ಮೈಸೂರು ಉದ್ಯಾನ. 1894ರ ಡಿಸೆಂಬರ್ 28ರಂದು ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಗೆ ಹೋಗಿದ್ದಾಗ ಡಿಫ್ತೀರಿಯಾ ಗಂಟಲುಬೇನೆಯಿಂದ ತೀರಿಕೊಂಡರು. ಆಗ ಅವರಿಗೆ ಮೂವತ್ತೊಂದೇ ವಯಸ್ಸು. ದಹನ ನಡೆದದ್ದು ಈ ಆದಿಗಂಗೆಯ ದಡದಲ್ಲಿ. ಮೈಸೂರಿನ ಅರಸರ ಸಮಾಧಿಗಳಿರುವ ನಂಜನಗೂಡು ರಸ್ತೆಯ ಮಧುವನ ಅವರಿಗೆ ಸಿಗಲಿಲ್ಲ.

ಇವರು ಯಾರೆಂದು ಇಂದಿನ ಮಕ್ಕಳಿಗೆ ಹೇಳಬೇಕೇನೋ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು 1881ರಲ್ಲಿ ಮರಳಿ ಬಂದದ್ದು ಇವರ ಕೈಗೆ. ಪ್ರಜಾಪ್ರತಿನಿಧಿ ಸಭೆ ಅದೇ ವರ್ಷ ಶುರುವಾಯಿತು. ಮೈಸೂರಿನ ಮೃಗಾಲಯ 1892ರಲ್ಲಿ ಇವರು ಮಾಡಿಸಿದ್ದು. ಈ ಕೋಲ್ಕತ್ತದವರೇ ಆದ ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಅರಮನೆಯಲ್ಲಿ ಆದರಿಸಿದರು. 1894ರ ಜೂನ್‌ನಲ್ಲಿ ವಿವೇಕಾನಂದರು ಅಮೆರಿಕದಿಂದ ಇವರಿಗೊಂದು ಪತ್ರ ಬರೆದರು. ಅದೇ ವರ್ಷ ಮುಗಿಯುವ ಮೊದಲು ವಿವೇಕಾನಂದರ ಊರಿನಲ್ಲಿ ಇವರು ಕಣ್ಣು ಮುಚ್ಚಿದರು. ಹತ್ತು ವರ್ಷದ ಮಗ ನಾಲ್ವಡಿ ಕೃಷ್ಣರಾಜ ಒಡೆಯರು, ಮಗನ ಪರವಾಗಿ 1902ರವರೆಗೆ ರಾಜ್ಯ ನೋಡಿಕೊಂಡ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು, ಇದೆಲ್ಲ ಮುಂದಿನ ಮಾತು. ಆ ಮುಂದಿನದು ಶುರುವಾದದ್ದು ಈ ಘಾಟಿನಿಂದ.

ಸಂಜೆ ಮನೆಗೆ ಬಂದು, ಸ್ನಾನ ಮಾಡಿ, ಊಟಕ್ಕೆ ಕೂತಾಗ ಈ ವಿಷಯ ಹೇಳಿದೆ. ಮನೆಯವಳು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದಲ್ಲಿ, ಅವಳ ತವರಿನ ಗೋಡೆಯಲ್ಲಿ ಮಹಾರಾಜರ ಪಟ ಇನ್ನೂ ಇದೆ. “ಮಹಾಸ್ವಾಮಿಯವರ ಜಾಗವನ್ನು ನನಗೆ ಬಿಟ್ಟು ನೋಡಿಕೊಂಡು ಬಂದಿರಾ?” ಎಂದು ಸಿಟ್ಟಾದಳು. ಮಾರನೆಯ ದಿನ ಮಗಳನ್ನು ಕರೆದುಕೊಂಡು ತಾನೇ ಹೋಗಿ, ಸೇವಂತಿಗೆ ಹೂವಿಟ್ಟು ಬಂದಳು. ಟಿಪ್ಪುವಿನ ಮಕ್ಕಳ ಕಡೆಗೂ ಹೋಗಿ ಬಂದೆವು ಎಂದು ಆಮೇಲೆ ಮಗಳು ಹೇಳಿದಳು.

ಒಂದು ಲೆಕ್ಕ ನನ್ನ ತಲೆಯಿಂದ ಹೋಗುವುದಿಲ್ಲ. ಗುಲಾಂ ಮಹಮ್ಮದ್ ಹುಟ್ಟಿದ್ದು 1795ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. 1799ರ ಬೇಸಗೆಯಲ್ಲಿ ಎರಡೂ ಇನ್ನೂ ಹಾಲುಹಲ್ಲಿನ ಮಕ್ಕಳು. ಒಂದು ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು, ಇನ್ನೊಂದನ್ನು ವೆಲ್ಲೂರಿಗೆ ಕಳುಹಿಸಿದರು. ಇಬ್ಬರೂ ದೀರ್ಘಕಾಲ ಬದುಕಿದರು, ಅವರು 1868ರವರೆಗೆ, ಇವನು 1872ರವರೆಗೆ. ಮುಮ್ಮಡಿಯವರ ಮೊಮ್ಮಗ, ದತ್ತುಪುತ್ರ, ಇದೇ ಚಾಮರಾಜೇಂದ್ರ ಒಡೆಯರು. ಹೀಗೆ ಶ್ರೀರಂಗಪಟ್ಟಣದಲ್ಲಿ ಬೇರೆಯಾದ ಎರಡು ಮನೆಗಳು ಕಾಳಿಘಾಟಿನ ಒಂದೇ ಬಡಾವಣೆಯಲ್ಲಿ ಬಂದು ಸೇರಿವೆ. ನಡುವೆ ನಡೆದರೆ ಒಂದು ಲೋಟ ಚಹಾ ಆರುವ ಮೊದಲು ಮುಟ್ಟಬಹುದು.

ನವೆಂಬರ್ ಬಂತೆಂದರೆ ತಮ್ಮ ಪತ್ರಿಕೆಯ ಇದೇ ಅಂಕಣದಲ್ಲಿ ಟಿಪ್ಪುವಿನ ಪರ ಒಬ್ಬರು, ವಿರುದ್ಧ ಒಬ್ಬರು ಬರೆಯುತ್ತಾರೆ. ನಾನು ಎಲ್ಲವನ್ನೂ ಓದುತ್ತೇನೆ. ಅವರಲ್ಲಿ ಎಷ್ಟು ಜನ ಈ ಎರಡು ಜಾಗಗಳನ್ನು ಕಂಡಿದ್ದಾರೋ ಅನುಮಾನ. ಒಡೆಯರ ಅಭಿಮಾನಿಗಳಿಗೂ ಅದೇ ಪ್ರಶ್ನೆ. ದಸರಾಕ್ಕೆ ಕೋಟಿಗಟ್ಟಲೆ ಖರ್ಚು ಮಾಡುವ ನಾವು, ಮಹಾರಾಜರೊಬ್ಬರು ದೂರದ ಊರಿನಲ್ಲಿ ಬೂದಿಯಾದ ಜಾಗದಲ್ಲಿ ಕನ್ನಡದ ನಾಲ್ಕು ಅಕ್ಷರ ಬರೆಸಲಾರೆವೇ? ಶಿವಾಜಿಯ ತಂದೆ ಶಹಾಜಿಯ ಸಮಾಧಿ ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಮಹಾರಾಷ್ಟ್ರದವರು ಅದನ್ನು ಹುಡುಕಿಕೊಂಡು ಬರುತ್ತಾರೆ, ಹೂವು ಹಾಕುತ್ತಾರೆ, ನಾವೂ ಸಂತೋಷದಿಂದ ದಾರಿ ತೋರಿಸುತ್ತೇವೆ. ಬಂಗಾಳದವರು ನಮಗೆ ಬೇಡ ಎನ್ನುವುದಿಲ್ಲ. ಕೇಳಬೇಕಾದವರು ನಾವು.

ಫಲಕ ಹೇಗಿರಬೇಕು ಎಂದೂ ಹೇಳಿಬಿಡುತ್ತೇನೆ. ಫ್ಲೆಕ್ಸ್ ಬೇಡ, ಎರಡು ಮಳೆಗಾಲಕ್ಕೆ ಹರಿಯುತ್ತದೆ. ಮೂರು ಅಡಿ ಅಗಲ, ಎರಡು ಅಡಿ ಎತ್ತರದ ಕಪ್ಪು ಕಲ್ಲು ಸಾಕು, ನಮ್ಮ ಚಾಮರಾಜನಗರದ ಕಲ್ಲಾದರೆ ಇನ್ನೂ ಒಳ್ಳೆಯದು. ಕನ್ನಡ, ಬಂಗಾಳಿ, ಇಂಗ್ಲಿಷ್ ಮೂರರಲ್ಲೂ ಇರಲಿ. ಹಾಕಿಸಿದ ಸಚಿವರ ಹೆಸರು ಸತ್ತವರ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಇರಬಾರದು, ಇಲ್ಲದಿದ್ದರೆ ಇನ್ನೂ ಚೆನ್ನ. ಆಯಾ ಜಾಗಗಳನ್ನು ನೋಡಿಕೊಳ್ಳುವವರ ಒಪ್ಪಿಗೆ ಪಡೆದು, ಹಳೆಯ ಕಟ್ಟಡಕ್ಕೆ ಮೊಳೆ ಹೊಡೆಯದೆ ಬೇರೆಯಾಗಿ ನೆಡಬೇಕು. ಬಾಂದುಕಲ್ಲು ನೆಡುವ ಹಾಗೆ, ಅರ್ಧ ನೆಲದೊಳಗೆ.

ಬರಹಕ್ಕೆ ನನ್ನ ಕರಡು ಹೀಗಿದೆ, ತಿಳಿದವರು ತಿದ್ದಲಿ. ಸೌತ್ ಪಾರ್ಕ್ ಸ್ಟ್ರೀಟಿನಲ್ಲಿ: ‘ಮೈಸೂರು ದೇಶವನ್ನು ಅಳೆದು, ಅದರ ಶಾಸನ ಮತ್ತು ಕೈಫಿಯತ್ತುಗಳನ್ನು ಸಂಗ್ರಹಿಸಿದ ಕರ್ನಲ್ ಕಾಲಿನ್ ಮೆಕೆಂಜಿ ಇಲ್ಲಿದ್ದಾನೆ. ಅವುಗಳನ್ನು ಓದಿ, ಬರೆದು, ಒದಗಿಸಿದವರು ಮಲೆಯೂರಿನ ಧರ್ಮಯ್ಯ, ಏಲೂರಿನ ಕಾವಲಿ ಬೊರ್ರಯ್ಯ ಮತ್ತು ಲಕ್ಷ್ಮಯ್ಯ.’ ಸತೀಶ್ ಮುಖರ್ಜಿ ರಸ್ತೆಯಲ್ಲಿ: ‘1806ರಲ್ಲಿ ವೆಲ್ಲೂರಿನಿಂದ ಇಲ್ಲಿಗೆ ಕಳುಹಿಸಲ್ಪಟ್ಟ, ಮೈಸೂರಿನ ಟಿಪ್ಪು ಸುಲ್ತಾನನ ಕುಟುಂಬದವರ ಸಮಾಧಿಗಳು.’ ಮೈಸೂರು ಉದ್ಯಾನದಲ್ಲಿ: ‘ಮೈಸೂರಿನ ಮಹಾರಾಜ ಶ್ರೀ ಚಾಮರಾಜೇಂದ್ರ ಒಡೆಯರು, 1863–1894. ಅವರ ಅಂತ್ಯಸಂಸ್ಕಾರ ನಡೆದದ್ದು ಇಲ್ಲಿ.’ ವಿಶೇಷಣ ಒಂದೂ ಬೇಡ.

ನಾಲ್ಕನೆಯ ಫಲಕವೂ ಒಂದು ಬೇಕು, ಅದಕ್ಕೆ ಯಾವ ರಾಜ್ಯದ ಅನುಮತಿಯೂ ಬೇಡ. ಅದು ಮಲೆಯೂರಿನಲ್ಲಿ, ಕನಕಗಿರಿಗೆ ಹತ್ತುವ ಮೆಟ್ಟಿಲಿನ ಬುಡದಲ್ಲಿ, ಧರ್ಮಯ್ಯನವರ ಹೆಸರಿಗೆ. ಬೆಟ್ಟದ ಜಾತ್ರೆಗೆ ಹೋಗುವ ನಮ್ಮ ಕಡೆಯ ಯಾರನ್ನಾದರೂ ಕೇಳಿ, ಆ ಹೆಸರು ಗೊತ್ತಿರುವುದಿಲ್ಲ. ಕಲ್ಲಿನ ಖರ್ಚಿಗೆ ನನ್ನ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ, ಜೊತೆಗೆ ಸೇರುವ ಹಳೆಯ ಸಹೋದ್ಯೋಗಿಗಳೂ ಇದ್ದಾರೆ. ಗ್ರಾಮ ಪಂಚಾಯಿತಿಯವರು ಜಾಗ ಗುರುತಿಸಿದರೆ ಸಾಕು, ಅಳತೆಗೆ ನಾನೇ ಬರುತ್ತೇನೆ.

ಈ ಪತ್ರದ ಒಂದು ಪ್ರತಿಯನ್ನು ಮೂರು ಜಾಗಗಳ ಫೋಟೊ ಮತ್ತು ಕೈನಕ್ಷೆಯೊಂದಿಗೆ ಇಲಾಖೆಗೂ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಮೈಸೂರು